ಡ್ಯಾಂ ಒಡದೈತಂತ! ಆ ರಾತ್ರಿ ನಿಮ್ಮೂರಲ್ಲಿ ಏನು ನಂಬಿದಿರಿ, ಹೇಗೆ ನಂಬಿದಿರಿ?

ಕಂಪ್ಲಿ_ಹೊಳೆಸಾಲು · ಸಂಜೆ 6:10

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ (ಡ್ಯಾಂ ಮೇಲ್ಭಾಗದ ನೀರು ಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಕೊಂಡು ಹೋದದ್ದು ಎಲ್ಲರಿಗೂ ಗೊತ್ತು. ಯಾರ ತಪ್ಪು, ಚೈನು ಎಷ್ಟು ಹಳೇದು, ನಿರ್ವಹಣೆ ಯಾರದು ಅಂತ ಒಂದು ವರ್ಷದಿಂದ ಜಗಳಾಡಿದ್ದೇವೆ. ದಯವಿಟ್ಟು ಇಲ್ಲಿ ಅದು ಬೇಡ.

ನನಗೆ ಬೇಕಾದದ್ದು ಆ ರಾತ್ರಿಯ ಮಾತು. ನಮ್ಮದು ಕಂಪ್ಲಿ ಹತ್ತಿರ ಹೊಳೆಗೆ ಅಂಟಿಕೊಂಡ ಊರು. ಒಂದು ಗಂಟೆ ಸುಮಾರಿಗೆ ಫೋನುಗಳು ಶುರುವಾದವು. ಆಂಜನೇಯನ ಗುಡಿ ಕಟ್ಟೆಗೆ ನಲವತ್ತು ಜನ ಸೇರಿದರು. ಮೂರು ಸುದ್ದಿ: ಡ್ಯಾಂ ಒಡೆದಿದೆ. ಇಲ್ಲ, ಒಂದು ಗೇಟು ಹೋಗಿದೆ. ಇಲ್ಲ, ಏನೂ ಆಗಿಲ್ಲ, ದಿನದಂತೆ ನೀರು ಬಿಟ್ಟಿದ್ದಾರೆ. ಅಷ್ಟರಲ್ಲಿ ಹೊಸಪೇಟೆಯಿಂದ ನಮ್ಮ ಭಾವನ ಫೋನು: "ಉಳಿದ ಗೇಟೆಲ್ಲಾ ಎತ್ತಾಕತ್ತಾರ!" ಅದನ್ನು ಕೇಳಿದ್ದೇ ತಡ, ಅರ್ಧ ಕಟ್ಟೆ ಖಾಲಿ. ಗೇಟೆಲ್ಲಾ ಎತ್ತುತ್ತಾರೆ ಅಂದರೆ ಕಥೆ ಮುಗೀತು ಅಂತಲೇ ಎಲ್ಲರ ಲೆಕ್ಕ.

ನಿಜ ಏನಿತ್ತು? ಒಂದು ಗೇಟು ಹೋದ ಜಾಗದ ಮೇಲೆ ಒತ್ತಡ ಇಳಿಸಲು ಉಳಿದ ಗೇಟುಗಳಿಂದ ನೀರು ಬಿಟ್ಟರು. ಅಪಾಯ ಕಡಿಮೆ ಮಾಡಲು ಮಾಡಿದ ಕೆಲಸವೇ ಕೆಳಗಿದ್ದ ನಮಗೆ ಅಪಾಯದ ಸಾಕ್ಷಿಯಾಗಿ ಕಂಡಿತು. ವರ್ಷವಾದರೂ ಇದು ತಲೆಯಿಂದ ಹೋಗಿಲ್ಲ. ನಿಮ್ಮ ನಿಮ್ಮ ಊರಲ್ಲಿ ಹೇಗೆ ತೀರ್ಮಾನ ಮಾಡಿದಿರಿ? ಯಾರ ಮಾತು ನಡೀತು?

ಕಾರಟಗಿ_ಗದ್ದೆ · ಸಂಜೆ 6:31

ಅಣ್ಣಾ, ನೀವು ನೀರು ಬರ್ತೈತಿ ಅಂತ ಅಂಜಿದ್ರಿ, ನಾವು ನೀರು ಹೋಗ್ತೈತಿ ಅಂತ ಅಂಜಿದ್ವಿ. ಸುದ್ದಿ ಒಂದ, ಅಂಜಿಕಿ ಎರಡು.

ನಮ್ಮದು ಎಡದಂಡೆ ಕಾಲುವಿ ಭತ್ತದ ಸೀಮಿ. ನಾಟಿ ಮಾಡಿ ಇನ್ನೂ ಸಸಿ ಬೇರು ಹಿಡಿದಿರಲಿಲ್ಲ. ಹಿಂದಿನ ವರ್ಷ ಮಳಿ ಇಲ್ಲದ ಎರಡನೇ ಬೆಳಿ ಹೋಗಿತ್ತು, ಈ ವರ್ಷ ಡ್ಯಾಂ ತುಂಬೈತಿ ಅಂತ ಸಾಲ ತಂದು ಗೊಬ್ಬರ ಹಾಕಿದ್ವಿ. ಮುಂಜಾನಿ ಟಿವಿಯೊಳಗ "ನದಿಪಾತ್ರದ ಜನ ಎಚ್ಚರ" ಅಂತ ಒಂದ ಸವನ ಬರಾಕತ್ತಿತ್ತು. ನಮ್ಮ ಓಣಿಯೊಳಗ ಒಬ್ಬರೂ ಅದನ್ನ ಕೇಳಲಿಲ್ಲ. ನಾವು ಕೇಳಿದ್ದು ಒಂದ: ಡ್ಯಾಮಿನ್ಯಾಗ ಎಷ್ಟು ಉಳೀತೈತಿ? ಅದನ್ನ ಹೇಳವ್ರು ಯಾರೂ ಇರಲಿಲ್ಲ. ನಿಮಗ ಹೊರಹರಿವಿನ ನಂಬರ್ ಬೇಕಿತ್ತು, ನಮಗ ಸಂಗ್ರಹದ ನಂಬರ್. ಎರಡನ್ನೂ ಕಲಸಿ ಕೂಗಿದ್ರು.

ಡಲ್ಲಾಸ್_ಸಿರುಗುಪ್ಪ · ಸಂಜೆ 6:48

ನಾನೊಂದು ತಪ್ಪೊಪ್ಪಿಗೆ ಹಾಕುತ್ತೇನೆ. ಇಲ್ಲಿ ಶನಿವಾರ ಮಧ್ಯಾಹ್ನ, ಅಲ್ಲಿ ನಡುರಾತ್ರಿ. ಅಪ್ಪ ಅಮ್ಮ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಲ್ಲಿ. ಗ್ರೂಪಿನಲ್ಲಿ ವಿಡಿಯೊ ಬಂತು, ಕೆಂಪು ನೀರು ಗೋಡೆ ಒಡೆದುಕೊಂಡು ನುಗ್ಗುತ್ತಿದೆ. ಫೋನ್ ಮಾಡಿ ಅಪ್ಪನನ್ನು ಎಬ್ಬಿಸಿ "ಎದ್ದು ಹೊರಡಿ" ಅಂದೆ. ಅಪ್ಪ ಅಕ್ಕಪಕ್ಕದವರನ್ನು ಎಬ್ಬಿಸಿದರು. "ಮಗ ಅಮೆರಿಕಾದಿಂದ ಹೇಳ್ಯಾನ" ಅಂದದ್ದಕ್ಕೆ ಇನ್ನೂ ತೂಕ! ಎಂಟು ಸಾವಿರ ಮೈಲಿ ದೂರ ಇರುವವನಿಗೆ ಹೊಳೆ ಹೇಗೆ ಕಂಡಿತು ಅಂತ ಒಬ್ಬರೂ ಕೇಳಲಿಲ್ಲ.

ಆ ವಿಡಿಯೊ ಟಿಬಿ ಡ್ಯಾಮಿನದ್ದೇ ಅಲ್ಲ. ನಮ್ಮ ಡ್ಯಾಮಿಗೆ 33 ಗೇಟಿನ ಸಾಲು, ಮೇಲೆ ಸೇತುವೆ. ವಿಡಿಯೊದಲ್ಲಿದ್ದದ್ದು ಯಾವುದೋ ಮಣ್ಣಿನ ಏರಿ. ಶಾಲೆಯ ಪ್ರವಾಸಕ್ಕೆ ನಾಲ್ಕು ಸಲ ಹೋದ ಜಾಗ, ನೋಡಿದ ಕೂಡಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಭಯದಲ್ಲಿ ಕಣ್ಣಿಗೆ ನೀರು ಮಾತ್ರ ಕಾಣುತ್ತೆ.

ಇನ್ನೊಂದು. ನನಗೆ ಅದೇ ಸುದ್ದಿ ಆರು ಗ್ರೂಪಿನಿಂದ ಬಂತು. ಆರು ಕಡೆಯಿಂದ ಬಂತು ಅಂದಮೇಲೆ ನಿಜ ಅಂದುಕೊಂಡೆ. ಆಮೇಲೆ ನೋಡಿದರೆ ಆರರಲ್ಲೂ ಒಂದೇ ಗಂಡಸಿನ ದನಿ, ಅದೇ ಕೆಮ್ಮು.

ಲೆಕ್ಕದ_ಮಾಸ್ತರ · ಸಂಜೆ 7:05

ಆ ಕೆಮ್ಮು ನನಗೂ ನೆನಪಿದೆ!

ಸ್ವಲ್ಪ ಲೆಕ್ಕ ಹಾಕೋಣ. 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಇದೊಂದು ಸಂಖ್ಯೆ ಬಾಯಿಪಾಠ ಇದ್ದರೆ ಟಿವಿಯ ಅರ್ಧ ಗದ್ದಲ ಅಡಗುತ್ತದೆ. ಕಿತ್ತುಹೋದ ಗೇಟಿನಿಂದ ಹರಿದದ್ದು ಸುಮಾರು 35 ಸಾವಿರ ಕ್ಯೂಸೆಕ್, ಅಂದರೆ ದಿನಕ್ಕೆ 3 ಟಿಎಂಸಿ. ಡ್ಯಾಮಿನ ಸಾಮರ್ಥ್ಯ 105.788 ಟಿಎಂಸಿ. ಎಲ್ಲ ಗೇಟು ಸೇರಿ ಲಕ್ಷ ಕ್ಯೂಸೆಕ್ ಬಿಟ್ಟರೆ ದಿನಕ್ಕೆ 8.6 ಟಿಎಂಸಿ.

ಒಂದು ಚಾನೆಲ್ 35 ಸಾವಿರ ಅಂತು, ಇನ್ನೊಂದು ಲಕ್ಷ ಅಂತು. ನಮ್ಮ ಓಣಿಯಲ್ಲಿ "ಯಾವುದು ಸುಳ್ಳು" ಅಂತ ವಾದ. ಎರಡೂ ಸುಳ್ಳಲ್ಲ. ಮೊದಲನೆಯದು ತೂತಿನಿಂದ ಹೋಗುವ ನೀರು, ಎರಡನೆಯದು ಒಟ್ಟು ಹೊರಹರಿವು. ಎರಡು ಸುದ್ದಿ ಒಂದಕ್ಕೊಂದು ಕೂಡದಿದ್ದರೆ ಒಂದು ಸುಳ್ಳಿರಬೇಕು ಅಂತ ನಮ್ಮ ಮನಸ್ಸು ಹೊರಟುಬಿಡುತ್ತದೆ. ಎರಡೂ ಒಂದೇ ವಸ್ತುವಿನ ಮಾತೋ ಅಲ್ಲವೋ ಅಂತ ಕೇಳುವ ಪುರಸೊತ್ತು ಇರುವುದಿಲ್ಲ.

ಕಾರಟಗಿಯವರ ಪ್ರಶ್ನೆಗೂ ಅಲ್ಲೇ ಉತ್ತರವಿತ್ತು. ತುಂಬಿದ ಮಟ್ಟ 1633 ಅಡಿ, ಗೇಟಿನ ಎತ್ತರ 20 ಅಡಿ. ಅಂದಮೇಲೆ ಗೇಟಿನ ಹೊಸ್ತಿಲು 1613ರಲ್ಲಿ. ಹೊಸ್ತಿಲಿಗಿಂತ ಕೆಳಗಿನ ನೀರು ಗೇಟು ಇದ್ದರೂ ಇಲ್ಲದಿದ್ದರೂ ಅಲ್ಲಿಂದ ಹೋಗದು. ಮೇಲಿನದ್ದು ಸುಮಾರು 60 ಟಿಎಂಸಿ. "60 ಟಿಎಂಸಿ ಖಾಲಿ ಮಾಡಬೇಕು" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಅದನ್ನು "ಡ್ಯಾಂ ಖಾಲಿ" ಅಂತ ಓದಿದರು.

ಬಾನಿಹಳ್ಳ · ಸಂಜೆ 7:14

ಮಾಸ್ತರ್ರ, ನಿಮ್ಮ ಲೆಕ್ಕ ಚೊಲೋ ಐತಿ. ಆದ್ರ ರಾತ್ರಿ ಒಂದು ಗಂಟೆಗೆ, ಕೂಸು ಅಳಾಕತ್ತಿರುವಾಗ, ಯಾರು 11,574ರಿಂದ ಭಾಗಿಸ್ತಾರ?

ನಾನು ಏನೂ ಯೋಚನೆ ಮಾಡಲಿಲ್ಲ. ಎಮ್ಮಿ ಬಿಚ್ಚಿದೆ, ಅವ್ವನ್ನ ಗಾಡಿ ಮ್ಯಾಲ ಕೂಡಿಸಿದೆ, ಎತ್ತರದ ರಸ್ತೆಗೆ ಹೋದೆ. ಸುದ್ದಿ ಸುಳ್ಳಾಗಿದ್ರ ಒಂದು ರಾತ್ರಿ ನಿದ್ದಿ ಹೋಗ್ತಿತ್ತು. ಖರೇ ಆಗಿದ್ದು ನಾನು ಕಟ್ಟಿ ಮ್ಯಾಲ ಚರ್ಚಾ ಮಾಡಕೋಂತ ಕುಂತಿದ್ರ? ಮರುದಿನ ಊರವರು "ಪುಕ್ಕಲ" ಅಂದ್ರು. ಅನ್ನಲಿ ಬಿಡ್ರಿ.

ಕಂಪ್ಲಿ_ಹೊಳೆಸಾಲು · ಸಂಜೆ 7:26

ಬಾನಿಹಳ್ಳ ಅಣ್ಣ, ನೀವು ಮಾಡಿದ್ದು ತಪ್ಪು ಅಂತ ನಾನು ಎಲ್ಲೂ ಹೇಳಿಲ್ಲ. ನಮ್ಮೂರಲ್ಲೂ ಮಕ್ಕಳು, ಮುದುಕರು, ದನ ಮೊದಲು ಎತ್ತರಕ್ಕೆ ಹೋದವು. ಅದಕ್ಕೆ ಯಾವ ಸುದ್ದಿ ನಿಜ ಅಂತ ತೀರ್ಮಾನ ಆಗಬೇಕಿರಲಿಲ್ಲ. ಮೂರರಲ್ಲಿ ಯಾವುದಾದರೂ ಸರಿ, ದನ ಎತ್ತರದಲ್ಲಿದ್ದರೆ ನಷ್ಟವಿಲ್ಲ. ತೀರ್ಮಾನ ಬೇಕಿದ್ದದ್ದು ಮುಂದಿನದಕ್ಕೆ: ಎಲ್ಲರೂ ಊರು ಬಿಟ್ಟು ಟ್ರ್ಯಾಕ್ಟರ್ ಹತ್ತಬೇಕೋ? ಕತ್ತಲಲ್ಲಿ, ಮಳೆಯಲ್ಲಿ, ನೂರಾರು ಜನ ಒಂದೇ ರಸ್ತೆಗೆ ಬಿದ್ದರೆ ಹೊಳೆ ಕೊಲ್ಲದಿದ್ದರೂ ರಸ್ತೆ ಕೊಲ್ಲುತ್ತದೆ.

ಅಲ್ಲಿ ಕೆಲಸಕ್ಕೆ ಬಂದದ್ದು ನಮ್ಮ ಅಂಬಿಗರ ಅಜ್ಜ. ಅವನಿಗೆ ವಾಟ್ಸಾಪೂ ಇಲ್ಲ, ಟಿವಿ ನೋಡುವವನೂ ಅಲ್ಲ. "ಒಡದಿದ್ರ ಹೊಳಿ ಹೆಂಗಿರತೈತಿ ಹೇಳ್ರಿ, ಹೋಗಿ ನೋಡೂನು" ಅಂದ. ಬ್ಯಾಟರಿ ಹಿಡಿದು ಇಬ್ಬರು ಹುಡುಗರನ್ನು ಕರಕೊಂಡು ಸೋಪಾನಕಟ್ಟೆಗೆ ಹೋಗಿ, ನೀರು ಮುಟ್ಟಿದ ಮೆಟ್ಟಿಲಿಗೆ ಸುಣ್ಣದ ಗೆರೆ ಎಳೆದ. ಅರ್ಧ ತಾಸಿಗೊಮ್ಮೆ ಹುಡುಗ ಓಡಿ ಬಂದು ಹೇಳುತ್ತಿದ್ದ. ಎರಡು ಮೆಟ್ಟಿಲು ಏರಿತು. ಮತ್ತೆ ಒಂದೂವರೆ. ಬೆಳಗಿನ ಜಾವ ಏರುವುದು ನಿಧಾನವಾಯಿತು. ಜುಲೈ ಕೊನೆಯಲ್ಲಿ ಲಕ್ಷ ದಾಟಿ ಬಿಟ್ಟಾಗ ಮುಟ್ಟಿದ್ದ ಗೆರೆ ಗೋಡೆಯ ಮೇಲೆ ಇನ್ನೂ ಹಸಿಯಾಗಿ ಕಾಣುತ್ತಿತ್ತು, ನೀರು ಅದಕ್ಕಿಂತ ಕೆಳಗೇ ಇತ್ತು. ಎರಡು ವಾರದ ಹಿಂದೆ ಅಷ್ಟು ನೀರು ಬಂದಾಗ ಮಕ್ಕಳನ್ನು ಕರಕೊಂಡು ಹೋಗಿ ಸೆಲ್ಫಿ ತೆಗೆಸಿಕೊಂಡಿದ್ದೆವು. ಅಷ್ಟೇ ನೀರು, ಈ ಸಲ ಹೆಸರು ಬೇರೆ.

ಹಳೇ_ಗ್ಯಾಂಗ್‌ಮನ್ · ಸಂಜೆ 7:50

ಅಂಬಿಗರ ಅಜ್ಜನಿಗೆ ಶರಣು. ಆದರ ಒಂದು ಎಚ್ಚರಿಕಿ. ಮೆಟ್ಟಿಲು ನೋಡಿ ಹೇಳೋದು ಈಗಿನ ನೀರು, ಬರೋ ನೀರಲ್ಲ. ಡ್ಯಾಮಿನಿಂದ ಬಿಟ್ಟದ್ದು ಕಂಪ್ಲಿಗೆ ಮುಟ್ಟಲಿಕ್ಕೆ ತಾಸುಗಟ್ಟಲೆ ಹಿಡಿತದ. ಹಾಂಗಾಗಿ ಮೆಟ್ಟಿಲೊಂದ ನಂಬಿದ್ರ ಮೋಸ. ಮ್ಯಾಲಿನೂರಿನ ಮೆಟ್ಟಿಲೂ ಗೊತ್ತಿರಬೇಕು.

ಕಾಲುವಿ ಮ್ಯಾಲ ಮೂವತ್ತು ವರ್ಷ ಕೆಲಸ ಮಾಡೀನಿ. ನಮ್ಮ ದಂಧೆ ಎಲ್ಲಾ ಹಿಂಗ. ಮ್ಯಾಲಿನ ಗೇಜಿನವ (ನೀರಿನ ಮಟ್ಟ ಓದವ) ಫೋನ್ ಮಾಡ್ತಾನ, ನಾನು ನನ್ನ ಗೇಜ್ ಓದ್ತೀನಿ, ಕೆಳಗಿನವಗ ಹೇಳ್ತೀನಿ. ಮೂರೂ ಕೂಡಿದ್ರ ನೀರು ಗೊತ್ತಾಗತದ. ಒಂದು ಕೂಡಲಿಲ್ಲ ಅಂದ್ರ ನಡುವ ಯಾರೋ ತೂಬು ಎತ್ಯಾರ, ಇಲ್ಲಾ ಯಾರೋ ಗೇಜ್ ನೋಡದ ಮನ್ಯಾಗ ಕುಂತು ಹೇಳ್ಯಾರ. ಎರಡನೇದು ಜಾಸ್ತಿ (ನಾನೂ ಮಾಡೀನಿ, ಮಳ್ಯಾಗ).

ಆ ರಾತ್ರಿ ಮ್ಯಾಲಿನ ಗೇಜು ಯಾರ ಕೈಯಾಗ? ಡ್ಯಾಂ ನೋಡಿಕೊಳ್ಳೋದು ತುಂಗಭದ್ರಾ ಮಂಡಳಿ, ಅದರಾಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಅದಾವ. ಕಾಲುವಿ ಕಚೇರಿ ಬ್ಯಾರೆ, ಜಿಲ್ಲಾಡಳಿತ ಮೂರು ನಾಕು ಜಿಲ್ಲಾದ್ದು. ಒಬ್ಬೊಬ್ಬರು ತಮ್ಮ ತಮ್ಮ ಪಾಲಿನ ಮಾತು ಹೇಳ್ತಾರ. ಸುಳ್ಳು ಯಾರೂ ಹೇಳಿಲ್ಲ, ಪೂರ್ತಿನೂ ಯಾರೂ ಹೇಳಿಲ್ಲ.

ವೈಟ್‌ಫೀಲ್ಡ್_ವಲಸಿಗ · ರಾತ್ರಿ 8:02

ಬೆಂಗಳೂರಿನ ಕಥೆ ಒಂದು ಸೇರಿಸಲಾ? 2020ರ ಮೇ 20, ಮಧ್ಯಾಹ್ನ ಒಂದೂಕಾಲರ ಮೇಲೆ, ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಲ್ಲಿ. ಢಂ ಅಂತ ಒಂದು ಸದ್ದು, ಕಿಟಕಿ ಗಾಜು ಅದುರಿದವು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಐದು ನಿಮಿಷಕ್ಕೆ ಇನ್ನೂರು ಮೆಸೇಜು. ಭೂಕಂಪ ಅಂದವರು, ಸಿಲಿಂಡರ್ ಅಂದವರು, ಅದೇ ದಿನ ಬಂಗಾಳದ ಕಡೆ ಅಂಫಾನ್ ಚಂಡಮಾರುತ ಇದ್ದದ್ದಕ್ಕೆ ಅದನ್ನೂ ಎಳೆದು ತಂದವರು.

ಅಲ್ಲಿ ಯಾರೋ ಒಬ್ಬರು "ಯಾರ್ಯಾರಿಗೆ ಕೇಳಿಸಿತು, ಏರಿಯಾ ಹೆಸರು ಹಾಕಿ" ಅಂದರು. ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳದ ಕಡೆಯವರೆಗೂ ಬಂತು. ಸಿಲಿಂಡರ್ ಕಥೆ ಅಲ್ಲೇ ಸತ್ತಿತು, ಯಾವ ಸಿಲಿಂಡರೂ ಅಷ್ಟು ದೂರ ಕೇಳಿಸಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪ ಮಾಪಕದಲ್ಲಿ ಏನೂ ದಾಖಲಾಗಿಲ್ಲ ಅಂದರು, ಭೂಕಂಪವೂ ಹೋಯಿತು. ಉಳಿದದ್ದು ಆಕಾಶ. ಆ ಸಂಜೆ ರಕ್ಷಣಾ ಇಲಾಖೆ ಒಪ್ಪಿಕೊಂಡಿತು: ವಾಯುಪಡೆಯ ಪರೀಕ್ಷಾ ಹಾರಾಟ, ಶಬ್ದಾತೀತ ವೇಗದಿಂದ ಇಳಿಯುವಾಗಿನ ಸದ್ದು, ವಿಮಾನ 65ರಿಂದ 80 ಕಿಲೋಮೀಟರ್ ದೂರವಿದ್ದರೂ ಕೇಳುತ್ತದೆ ಅಂತ.

ಬಾನಿಹಳ್ಳ · ರಾತ್ರಿ 8:09

ನಿಮ್ಮದು ಚೊಲೋ ಬಿಡ್ರಿ. ಸದ್ದು ಆಗಿ ಮುಗಿದಿತ್ತು, ಚಾ ಕುಡಕೋಂತ ಪತ್ತೇದಾರಿ ಮಾಡಬಹುದು. ನಮ್ಮದು ಇನ್ನೂ ಬರೋದಿತ್ತು.

ಹಳೇ_ಮೆಜೆಸ್ಟಿಕ್ · ರಾತ್ರಿ 8:20

ಬಾನಿಹಳ್ಳದವರ ಮಾತು ಸರಿ. ಇನ್ನೂ ನಡೆಯುತ್ತಿರುವಾಗಿನ ಉದಾಹರಣೆ ಬೇಕಾದರೆ 2012ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್. ನಾನಾಗ ಮೆಜೆಸ್ಟಿಕ್ ಹತ್ತಿರ ಹೋಟೆಲ್ ಒಂದರ ಗಲ್ಲಾದಲ್ಲಿ ಕೂರುತ್ತಿದ್ದೆ. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಅಸ್ಸಾಮಿನ ಮೂವರು ಹುಡುಗರು ಮೊದಲ ದಿನ ನಕ್ಕರು. ಸರ್ಕಾರ, ಪೊಲೀಸರು "ಏನೂ ಆಗಲ್ಲ, ಹೋಗಬೇಡಿ" ಅಂದರು. ಅದೇ ಹೊತ್ತಿಗೆ ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಜನ ಪ್ಲಾಟ್‌ಫಾರಂ ತುಂಬಿದ್ದರು, ಬಿಡದೆ ಏನು ಮಾಡುತ್ತಾರೆ. ಆದರೆ ಆ ಹುಡುಗರು ಓದಿದ್ದು ಹೀಗೆ: "ಅಣ್ಣಾ, ಏನೂ ಆಗಲ್ಲ ಅಂದ್ರೆ ಸ್ಪೆಷಲ್ ಟ್ರೈನ್ ಯಾಕೆ?" ಮಾರನೇ ದಿನ ಹೊರಟರು.

ಕಂಪ್ಲಿಯವರು ಗೇಟಿನ ಬಗ್ಗೆ ಹೇಳಿದ್ದೇ ಇದು. ಬಾಯಲ್ಲಿ ಹೇಳಿದ್ದನ್ನು ಜನ ಕೇಳಲ್ಲ, ಕೈಯಲ್ಲಿ ಮಾಡಿದ್ದನ್ನು ಓದುತ್ತಾರೆ. ಆಮೇಲೆ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದ ಹಾಗೆ ದೇಶಕ್ಕೆಲ್ಲಾ ಕಡಿವಾಣ ಹಾಕಿದರು, ಮೊದಲು 15 ದಿನಕ್ಕೆ ಅಂತ. ನಮ್ಮ ಹುಡುಗರಲ್ಲಿ ಇಬ್ಬರು ವಾಪಸ್ ಬರಲೇ ಇಲ್ಲ.

ಆನೆಗೊಂದಿ_ಅಕ್ಕ · ರಾತ್ರಿ 8:41

ಕಟ್ಟೆಯ ಕಥೆ ಓದುತ್ತಾ ಬಂದೆ. ನಲವತ್ತು ಜನ ಸೇರಿದರು ಅಂದಿರಲ್ಲಾ, ಅದರಲ್ಲಿ ಹೆಂಗಸರು ಎಷ್ಟು ತಮ್ಮಾ?

ಕೇಳಿದ್ದು ಜಗಳಕ್ಕಲ್ಲ. ನಮ್ಮ ಕಡೆ ನೀರು ಬಂದರೆ ಮೊದಲು ಹೊಳೆ ದಂಡೆ ಮುಳುಗಲ್ಲ, ಹಳ್ಳ ಹಿಂದಕ್ಕೆ ಒತ್ತುತ್ತದೆ. ಬಟ್ಟೆ ಒಗೆಯುವ ಬಂಡೆ ಮುಳುಗಿದರೆ ಇನ್ನು ಇಷ್ಟು ಹೊತ್ತಿಗೆ ಹೊಳೆ ನಡುವಿನ ನವವೃಂದಾವನ ಗಡ್ಡೆಗೆ ದಾರಿ ಕಡಿದುಹೋಗುತ್ತದೆ ಅಂತ ನಮಗೆ ಗೊತ್ತು. ಗಂಡಸರು ಸೇತುವೆ ನೋಡುತ್ತಾರೆ, ಹಂಪಿಯ ಪುರಂದರ ಮಂಟಪ ಮುಳುಗಿತಾ ಅಂತ ಫೋಟೊ ಕೇಳುತ್ತಾರೆ. ಬಂಡೆಯನ್ನು ಯಾರೂ ಕೇಳಲ್ಲ.

ನಮ್ಮ ಸ್ವಸಹಾಯ ಸಂಘದ ಗ್ರೂಪಿನಲ್ಲಿ ಹದಿನೆಂಟು ಜನ. ಆ ರಾತ್ರಿ ಅಲ್ಲೂ ಗದ್ದಲವೇ. ಕೊನೆಗೆ ಲೆಕ್ಕ ಬರೆಯುವ ಹುಡುಗಿ ಸಿಟ್ಟಾಗಿ "ಕಣ್ಣಿಂದ ಕಂಡಿದ್ದಕ್ಕೆ 'ಕಂಡೆ' ಅಂತ ಹಾಕ್ರಿ, ಮಂದಿ ಹೇಳಿದ್ದಕ್ಕೆ 'ಅಂತ' ಅಂತ ಹಾಕ್ರಿ" ಅಂದಳು. ನಮ್ಮ ಮಾತಿನಲ್ಲಿ ಅದು ಮೊದಲೇ ಇದೆಯಲ್ಲ. ಬಂದೈತಿ ಅಂದರೆ ಒಂದು, ಬಂದೈತಂತ ಅಂದರೆ ಇನ್ನೊಂದು. ಗಾಬರಿಯಲ್ಲಿ ಮೊದಲು ಬಿದ್ದುಹೋಗುವುದು ಆ "ಅಂತ". ಮೂರು ಬಾಯಿ ದಾಟುವಷ್ಟರಲ್ಲಿ ಒಡದೈತಂತ ಅನ್ನುವುದು ಒಡದೈತಿ ಆಗಿರುತ್ತದೆ.

ಹತ್ತು ನಿಮಿಷ ಗ್ರೂಪು ಸುಮ್ಮನಾಯಿತು, ಯಾಕೆಂದರೆ ಯಾರೂ ಏನೂ ಕಂಡಿರಲಿಲ್ಲ! ಆಮೇಲೆ ನಾಲ್ಕು ಜನ ಎದ್ದು ಹೋಗಿ ನೋಡಿದರು. ಬಂಡೆ ಮುಳುಗಿರಲಿಲ್ಲ.

ಕಂಪ್ಲಿ_ಹೊಳೆಸಾಲು · ರಾತ್ರಿ 8:55

ಅಕ್ಕಾ, ಕಟ್ಟೆಯಲ್ಲಿ ಹೆಂಗಸರು ಸೊನ್ನೆ. ಮನೆಯಲ್ಲಿ ಗಂಟು ಕಟ್ಟುತ್ತಿದ್ದರು. ನಮ್ಮೂರ ಬಂಡೆ ಎಲ್ಲಿದೆ ಅಂತ ಕೂಡ ನನಗೆ ಗೊತ್ತಿಲ್ಲ, ನಾಳೆ ಮನೆಯವಳನ್ನು ಕೇಳುತ್ತೇನೆ.

ಕಾರಟಗಿ_ಗದ್ದೆ · ರಾತ್ರಿ 9:10

ಒಂದು ರಾತ್ರಿ ಮಾತಾತು. ನಮ್ಮದು ಒಂದು ವಾರ ನಡೀತು, ಅದನ್ನೂ ಹೇಳ್ತೀನಿ.

ಮಾಸ್ತರ್ರು ಅಂದ ಹೊಸ್ತಿಲ ಲೆಕ್ಕದ ಪ್ರಕಾರ ನೀರು ಇಳದ ಮ್ಯಾಲ ಗೇಟು ಕೂಡಸೋದು ಅನ್ನೋದು ಮೊದಲ ಮಾತು. ಹಂಗಾದ್ರ ನಮ್ಮ ಬೆಳಿ ಮುಗೀತು. ಇನ್ನೊಂದು ಕಡಿ, ಹರಿಯೋ ನೀರಾಗ ಗೇಟಿನ ಬದಲಿ ಕಬ್ಬಿಣದ ಹಲಗಿ, ಅಂದ್ರ ತುಂಡು ತುಂಡು ಸ್ಟಾಪ್‌ಲಾಗ್ ಇಳಸೋಣು ಅಂದವ್ರು ಗೇಟಿನ ತಜ್ಞರು ಕನ್ನಯ್ಯ ನಾಯ್ಡು. ವಯಸ್ಸು ಎಪ್ಪತ್ತರ ಮ್ಯಾಲ. ನಮ್ಮೂರ ಚಾದಂಗಡಿಯೊಳಗ ಎರಡು ಪಾರ್ಟಿ ಆತು. "ಆ ರಭಸದಾಗ 60 ಅಡಿ ಅಗಲದ ಜಾಗಕ್ಕ ಕಬ್ಬಿಣ ಇಳಸ್ತಾರಂತ, ಹುಚ್ಚು" ಅಂತ ಒಂದು. "ಆ ಮನಷ್ಯಾ ಗೇಟ್ ಮಾಡಿದಾವ, ನಾವು ಚಾ ಮಾಡವ್ರು" ಅಂತ ಇನ್ನೊಂದು.

ಮೊದಲ ಸಲ ಕೂಡಲಿಲ್ಲ ಅಂತ ಸುದ್ದಿ ಬಂದಾಗ ಮೊದಲ ಪಾರ್ಟಿ ಗೆದ್ದಂಗಾತು. ಆಗಸ್ಟ್ 16ಕ್ಕ ಸಂಜಿಗೆ ಒಂದು ತುಂಡು ಕೂಡ್ತು, ಮರುದಿನ ಉಳಿದವು. ಸುಮಾರು 70 ಟಿಎಂಸಿ ಉಳೀತು, ಆಮ್ಯಾಲ ಮಳಿ ಬಂದು ಮತ್ತ ತುಂಬ್ತು. ಈಗ ಎಲ್ಲಾರೂ ನಾವು ಎರಡನೇ ಪಾರ್ಟಿ ಅಂತಾರ.

ಲೆಕ್ಕದ_ಮಾಸ್ತರ · ರಾತ್ರಿ 9:18

ಗೆದ್ದವರ ಕಡೆ ಎಲ್ಲರೂ. ಆದರೆ ಕೂಡದಿದ್ದರೆ ಅದೇ ನಾಯ್ಡು ಅವರನ್ನು ಏನನ್ನುತ್ತಿದ್ದೆವು? ನನಗೆ ಹಿಡಿಸಿದ್ದು ಬೇರೆ: ಅವರು ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡಲಿಲ್ಲ. ನೀರು ಬಿಡುವುದೂ ನಡೆದಿತ್ತು, ಕಾರ್ಖಾನೆಯಲ್ಲಿ ತುಂಡುಗಳ ತಯಾರಿಯೂ ನಡೆದಿತ್ತು. ಇದು ಕೂಡದಿದ್ದರೆ ಅದು. ಬಾನಿಹಳ್ಳ ಎಮ್ಮೆ ಬಿಚ್ಚಿದ್ದೂ ಅದೇ ಜಾತಿಯ ಬುದ್ಧಿ ಅಂತ ಈಗ ಅನ್ನಿಸುತ್ತಿದೆ. ಮೇಲೆ ಕೊಂಕು ಮಾಡಿದ್ದರೆ ಕ್ಷಮೆ ಇರಲಿ.

ಬಾನಿಹಳ್ಳ · ರಾತ್ರಿ 9:21

ನೀವು ಕೊಂಕು ಮಾಡಿಲ್ಲ ಸರ, ನಾನ ಮಾಡಿದ್ದು. 😄

ಗಂಗಾವತಿ_ರೈಸ್‌ಮಿಲ್ · ರಾತ್ರಿ 9:47

ಚರ್ಚೆ ನಡುವೆ ಬಂದದ್ದಕ್ಕೆ ಕ್ಷಮಿಸಿ. ಈಗ ಒಂದು ವಾಯ್ಸ್ ಮೆಸೇಜ್ ಬಂತು. ಇನ್ನೊಂದು ಗೇಟು ಹೋಯ್ತಂತೆ. ಈ ವರ್ಷ (2025) ಗೇಟುಗಳು ಬಲ ಇಲ್ಲ ಅಂತ 80 ಟಿಎಂಸಿಗೇ ನಿಲ್ಲಿಸಿದ್ದಾರಲ್ಲ, ಹಾಗಾಗಿ ಇರಬಹುದು ಅಂತ ಭಯ. ಯಾರಿಗಾದರೂ ಗೊತ್ತಾ?

ಡಲ್ಲಾಸ್_ಸಿರುಗುಪ್ಪ · ರಾತ್ರಿ 9:49

ಕೆಮ್ಮು ಇದೆಯಾ?

ಗಂಗಾವತಿ_ರೈಸ್‌ಮಿಲ್ · ರಾತ್ರಿ 9:52

ಅಯ್ಯೋ, ಇದು ಬೇರೆ ದನಿ. ಹೆಂಗಸು. ಗೇಟ್ ನಂಬರ್ ಹೇಳಿಲ್ಲ, ಯಾವತ್ತು ಅಂತಲೂ ಇಲ್ಲ.

ಹಳೇ_ಗ್ಯಾಂಗ್‌ಮನ್ · ರಾತ್ರಿ 9:58

ಮುನಿರಾಬಾದಿನಾಗ ನನ್ನ ಅಳಿಯ ಇರತಾನ. ಫೋನ್ ಮಾಡಿದೆ. ಮಾಳಿಗಿ ಹತ್ತಿ ನೋಡ್ಯಾನ. ಡ್ಯಾಮಿನ ದೀಪ ಕಾಣತಾವ, ಸದ್ದು ದಿನದಂಗ ಐತಿ ಅಂದ. ಗೇಟು ಎಣಸಲಿಕ್ಕೆ ಕತ್ತಲ. ಹಾಂಗಾಗಿ "ಹೋಗಿಲ್ಲ" ಅಂತ ನಾನು ಹೇಳೋದಿಲ್ಲ. ಸದ್ದು ಬದಲಾಗಿಲ್ಲ, ಅದು ಕೇಳಿದ್ದು. ಮುಂಜಾನೆ ಎಣಿಸಿ ಹೇಳ್ತಾನ.

ಆನೆಗೊಂದಿ_ಅಕ್ಕ · ರಾತ್ರಿ 10:15

ಬಂಡೆ ಒಣಗಿದೆ. ಕಂಡೆ.

ಕಂಪ್ಲಿ_ಹೊಳೆಸಾಲು · ರಾತ್ರಿ 10:31

ಸೋಪಾನಕಟ್ಟೆಗೆ ಹೋಗಿ ಬಂದೆ. ಸುಣ್ಣದ ಹೊಸ ಗೆರೆ ಎಳೆದಿದ್ದೇನೆ, ಹನ್ನೊಂದಕ್ಕೆ ಮತ್ತೆ ನೋಡುತ್ತೇನೆ. ಬಾನಿಹಳ್ಳ ಅಣ್ಣ, ನಿಮ್ಮ ಕಡೆ?

ಬಾನಿಹಳ್ಳ · ರಾತ್ರಿ 10:34

ಎಮ್ಮಿ ಆಗಲೇ ರಸ್ತೆ ಮ್ಯಾಲ ಅದಾವ.